ಗಾಣದ ಕಲ್ಲಿಗೆ ಕಟ್ಟಿದ ಎರಡು ಹಗ್ಗ

“ಗುರುಗಳೇ, ಹನ್ನೆರಡು ವರ್ಷದಿಂದ ಕೈಲಾದಷ್ಟು ಸಾಧನೆ ಮಾಡಿದ್ದೇನೆ. ಬಂದ ದಿನ ಎಲ್ಲಿದ್ದೆನೋ ಇಂದೂ ಅಲ್ಲೇ ಇದ್ದೇನೆ. ಪಟ್ಟ ಶ್ರಮವೆಲ್ಲ ಎಲ್ಲಿಗೆ ಹೋಯಿತು?”

ಹೀಗೆ ಕೇಳಿದವನು ಮಠದ ಶಿಷ್ಯ ಸಂಕಪ್ಪ. ಗುರುಗಳಿಗೂ ಆ ದಿನ ದಣಿವಾಗಿತ್ತು. ಆದರೂ ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಒಬ್ಬ ಗಾಣಿಗನಿದ್ದ. ಮೂರು ತಲೆಮಾರಿಗೆ ಎಣ್ಣೆ ತೆಗೆದುಕೊಟ್ಟ ಕಲ್ಲಿನ ಗಾಣ ಅವನದು. ಹೊಳೆ ವರ್ಷವರ್ಷವೂ ದಂಡೆಯನ್ನು ಕೊರೆಯುತ್ತ ಬಂದು, ಗಾಣಕ್ಕೂ ನೀರಿಗೂ ನಡುವೆ ಹತ್ತು ಮಾರು ನೆಲವಷ್ಟೇ ಉಳಿದಿತ್ತು. ಮಳೆಗಾಲದೊಳಗೆ ಕಲ್ಲನ್ನು ಸಾಗಿಸದಿದ್ದರೆ ಅದು ಹೊಳೆಯ ಪಾಲು. ಮನೆಯವರ ಅನ್ನವೂ ಅದರ ಜೊತೆಗೇ.

ಮೂಡಲ ಊರು ಅವನ ಹೆಂಡತಿಯ ತವರು. ಪಡುವಲ ಊರಿಗೆ ಅವನ ಅಕ್ಕನನ್ನು ಮದುವೆ ಮಾಡಿ ಕೊಟ್ಟಿದ್ದರು. ಗಾಣ ತಮ್ಮಲ್ಲಿಗೇ ಬರಲಿ ಎಂದು ಎರಡೂ ಊರಿನವರು ಹಟ ಹಿಡಿದರು. ಇಲ್ಲ ಎನ್ನಲು ಗಾಣಿಗನಿಗೆ ನಾಲಗೆ ಏಳಲಿಲ್ಲ. ಕಲ್ಲು ಯಾರ ಕಡೆಗೆ ಬರುತ್ತದೋ ಅಲ್ಲಿಗೇ ತಾನೂ ಬರುವೆನೆಂದು ಇಬ್ಬರಿಗೂ ಹೇಳಿಬಿಟ್ಟ.

ಗೊತ್ತಾದ ದಿನ ಎರಡೂ ಊರಿಂದ ಇಪ್ಪತ್ತಿಪ್ಪತ್ತು ಆಳು ಬಂದರು. ಕಲ್ಲನ್ನು ಅಗೆದು ಎತ್ತಿ, ಉರುಳುವ ದಿಮ್ಮಿಗಳ ಮೇಲೆ ಕೂರಿಸಿದರು. ಗಾಣಿಗ ತನ್ನ ಕೈಯಾರೆ ಮೂಡಲಿಗೊಂದು, ಪಡುವಲಿಗೊಂದು ಹಗ್ಗ ಕಟ್ಟಿದ. ಎಳೆತ ಶುರುವಾಯಿತು. ಹಗ್ಗಗಳು ಬಿಗಿದು ನಿಂತವು, ಕಲ್ಲು ಮಿಸುಕಲಿಲ್ಲ. ಅದು ಒಂದು ಕಡೆಗೆ ವಾಲುವಂತೆ ಕಂಡರೆ ಸಾಕು, ಸೋಲುವವರು ನೊಂದುಕೊಂಡಾರೆಂದು ಗಾಣಿಗ ಓಡಿಹೋಗಿ ಅವರ ಹಗ್ಗಕ್ಕೆ ಕೈಕೊಡುತ್ತಿದ್ದ.

ಮೂರು ದಿನ ಹೀಗೇ ಕಳೆಯಿತು. ಎಲ್ಲರ ಅಂಗೈಯೂ ಸುಲಿದುಹೋಯಿತು. ಮೂರನೆಯ ದಿನ, ಮೇಲೆಲ್ಲೋ ಮಳೆಯಾಗಿ, ಹೊಳೆಯಲ್ಲಿ ಕೆಂಪು ನೀರು ಬಂತು. ಗಾಣಿಗ ನೆಲದ ಮೇಲೆ ಕುಸಿದು ಕುಳಿತ. ನಲವತ್ತು ಜನ ಸಾಲದು, ಇನ್ನೂ ಹತ್ತು ಜನರನ್ನು ಕರೆಸಬೇಕು ಎಂದ.

ಗಂಜಿ ತಂದಿದ್ದ ಹೆಂಡತಿ ಅವನ ಕೈ ನೋಡಿದಳು.

“ಜನ ಕಡಿಮೆಯಾಗಿಲ್ಲ,” ಎಂದಳು. “ಯಾರಾದರೂ ಒಬ್ಬರ ಕೈಲಿ ಬೈಸಿಕೊಳ್ಳಿ. ನನ್ನ ತವರಿನವರಾದರೂ ಸರಿಯೇ.”

ಗಾಣಿಗ ಎದ್ದು ಮೂಡಲ ಊರಿನವರ ಹಗ್ಗ ಬಿಚ್ಚಿದ. ಅವರು ಬೈಯಲೂ ಇಲ್ಲ. ಹಗ್ಗ ಸುತ್ತಿಕೊಂಡು ಸುಮ್ಮನೆ ಹೊರಟುಹೋದರು. ಬೈದಿದ್ದರೇ ಅವನಿಗೆ ಹಗುರವಾಗುತ್ತಿತ್ತು.

ಉಳಿದವರು ಇಪ್ಪತ್ತೇ ಜನ. ಅವರು ಎಳೆದಾಗ ಕಲ್ಲು ಕದಲಿತು. ಹತ್ತಿಯ ಮೂಟೆಯಾಗಿದ್ದರೆ ಅಷ್ಟು ಎಳೆತಕ್ಕೆ ಓಡಿಬಿಡುತ್ತಿತ್ತು. ಇದು ಭಾರದ ಕಲ್ಲು, ಮೊದಲು ಇರುವೆಯ ಹಾಗೆ ಹೊರಟಿತು. ಅವರು ಹೆಚ್ಚು ಬಲ ಹಾಕಲಿಲ್ಲ, ಇದ್ದ ಬಲವನ್ನು ಬಿಡಲೂ ಇಲ್ಲ. ಗಳಿಗೆ ಗಳಿಗೆಗೂ ವೇಗ ಕೂಡುತ್ತ ಹೋಗಿ, ಕಡೆಗೆ ಕಲ್ಲು ಮನುಷ್ಯರ ನಡಿಗೆಗೆ ಸಮನಾಗಿ ನಡೆಯಿತು. ಮಳೆ ಹಿಡಿಯುವ ಮುಂಚೆ ಗಾಣ ಪಡುವಲ ಊರಿನಲ್ಲಿ ನಿಂತಿತು. ಮೂಡಲ ಊರಿನವರು ಎರಡು ವರ್ಷ ಅವನ ಹೊಸ್ತಿಲು ತುಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ನಾನು ಈ ಮಠ ಬಿಟ್ಟು ಬೇರೆ ಯಾವುದಕ್ಕೂ ಕೈಹಾಕಿಲ್ಲವಲ್ಲ, ಗುರುಗಳೇ,” ಎಂದ ಸಂಕಪ್ಪ.

“ಬರುವ ವರ್ಷ ಮಠ ಬಿಟ್ಟು ಮನೆಗೆ ಬಂದೇ ಬರುತ್ತೇನೆಂದು ಪ್ರತಿ ಹುಣ್ಣಿಮೆಗೂ ತಾಯಿಗೆ ಹೇಳಿ ಕಳಿಸುತ್ತೀಯಲ್ಲ, ಆಗ ನಿನಗೆ ದಣಿವಾಗುವುದಿಲ್ಲವೇ, ಮಗು?”