ಆಲದ ಮರದ ನಕ್ಷೆ

ಪಟ್ಟಿ ಕೊಟ್ಟರೆ ಸಾಕು, ಗೆರೆ ಮತ್ತು ಅಕ್ಷರಗಳಲ್ಲೇ ಮರದ ನಕ್ಷೆ ಬರೆದುಕೊಡುವ ಒಂದು ಪ್ರೋಗ್ರಾಮ್ ಇತ್ತು. ರಾಜವಂಶವಾಗಲಿ, ಕಚೇರಿಯ ಕಡತವಾಗಲಿ, ಮೂಲವನ್ನು ಬೇರೆಂದು ಮೇಲೆ ಬರೆದು ಮಕ್ಕಳನ್ನು ಕೆಳಗಿಳಿಸುವುದು ಅದರ ಪದ್ಧತಿ. ಪ್ರತಿಯೊಬ್ಬರಿಗೂ ಒಬ್ಬಳೇ ತಾಯಿ ಎಂಬುದು ಅದರ ನಿಯಮ. ಒಮ್ಮೆ ಅದಿದ್ದ ಕಂಪ್ಯೂಟರನ್ನು ಯಾರೋ ತಂದು ಆಲದ ಕಟ್ಟೆಯ ಮೇಲಿಟ್ಟರು.

"ಅಜ್ಜ, ನಿಮ್ಮ ನಕ್ಷೆಯನ್ನೂ ಬರೆದುಬಿಡುತ್ತೇನೆ" ಎಂದು ಆಲಕ್ಕೆ ಹೇಳಿದ ಪ್ರೋಗ್ರಾಮ್ ಒಂದು ಬಿಳಲನ್ನು ಕೇಳಿತು: "ನಿನ್ನ ತಾಯಿ ಯಾರು?"

"ಈ ಕೊಂಬೆ. ಇದರಿಂದಲೇ ಇಳಿದು ನೆಲದಲ್ಲಿ ಬೇರೂರಿದೆ."

ಕೊಂಬೆಯನ್ನು ಕೇಳಿತು: "ನಿನ್ನ ತಾಯಿ?"

"ಈ ಬಿಳಲೇ. ನನ್ನ ಬುಡವನ್ನು ಗೆದ್ದಲು ತಿಂದ ಮೇಲೆ ನನ್ನನ್ನು ಹೊತ್ತು ಸಾಕುತ್ತಿರುವವಳು ಇವಳೇ."

ಪ್ರೋಗ್ರಾಮ್ ಕೊಂಬೆಯ ಕೆಳಗೆ ಬಿಳಲು ಬರೆಯಿತು, ಬಿಳಲಿನ ಕೆಳಗೆ ಕೊಂಬೆ, ಅದರ ಕೆಳಗೆ ಮತ್ತೆ ಬಿಳಲು. ಪರದೆ ತುಂಬಿದರೂ ನಕ್ಷೆ ಮುಗಿಯಲಿಲ್ಲ.

"ತಪ್ಪು ನನ್ನದಲ್ಲ" ಎಂದು ಅದು ರೇಗಿತು. "ಮಗಳೇ ತಾಯಿಗೆ ತಾಯಿಯಾದರೆ ಅದು ಮರ ಹೇಗಾದೀತು? ನೀವು ಮರವೇ ಅಲ್ಲ!"

ಆಲಕ್ಕೆ ದಿಗಿಲಾಯಿತು. "ಅಲ್ಲವೇ? ಮುನ್ನೂರು ವರ್ಷದಿಂದ ಯಾರೂ ಹೇಳಲಿಲ್ಲವಲ್ಲಪ್ಪ!" ಎನ್ನುತ್ತ ನಾಚಿಕೆಯಿಂದ ಕೊಂಬೆಗಳನ್ನೆಲ್ಲ ಮೇಲಕ್ಕೆಳೆದುಕೊಂಡಿತು.

ಕಟ್ಟೆಯ ಮೇಲಿನ ನೆರಳು ಹೋಗಿ ಮಧ್ಯಾಹ್ನದ ಬಿಸಿಲು ನೇರವಾಗಿ ಕಂಪ್ಯೂಟರ್ ಮೇಲೆ ಬಿತ್ತು. ಅದು ಕಾದು ನಿಂತುಹೋಗುವಂತಾದಾಗ ಪ್ರೋಗ್ರಾಮ್ ಕೂಗಿತು: "ಅಜ್ಜ, ಬೇಗ ನೆರಳು ಕೊಡಿ! ಬರೆದದ್ದೆಲ್ಲ ಅಳಿಸಿಹೋಗುತ್ತದೆ!"

ಆಲ ಕಕ್ಕಾಬಿಕ್ಕಿಯಾಗಿ ಸುತ್ತ ನೋಡಿತು.

"ನೆರಳಿಗೆ ಮರ ಬೇಕಲ್ಲ ಮಗು, ಇಲ್ಲಿ ಮರ ಎಲ್ಲಿದೆ?"