ನರಳಿದ ಜ್ಯಾಕ್

ಹಳೆಯ ಸ್ಪೋರ್ಟ್ಸ್ ಕಾರೊಂದರ ಹಿಂಬದಿಯ ಲೀಫ್ ಸ್ಪ್ರಿಂಗ್ ಮುರಿದಿತ್ತು. ಹೊಸದನ್ನು ಕೂರಿಸಲೆಂದು ಮೆಕ್ಯಾನಿಕ್ ಲಾಜರಸ್ ಜ್ಯಾಕ್ ಹಾಕಿ ಕಾರನ್ನು ಎತ್ತಿದ. ಎರಡು ಬೋಲ್ಟ್ ಬಿಚ್ಚುವಷ್ಟಕ್ಕೆ ಇದೇಕೆಂದು, ಆಸರೆಗೆ ಇಡಬೇಕಾದ ಕಬ್ಬಿಣದ ಸ್ಟ್ಯಾಂಡನ್ನು ಪಕ್ಕದಲ್ಲೇ ಬಿಟ್ಟು, ಅಂಗಾತ ಮಲಗಿ ಕಾರಿನಡಿಗೆ ಸರಿಯತೊಡಗಿದ.

ಕಾರನ್ನು ಎತ್ತಿ ಹಿಡಿದಿದ್ದ ಎಣ್ಣೆ ಜ್ಯಾಕಿನಿಂದ ಜಿನುಗುತ್ತಿರುವುದನ್ನು ಸ್ಟ್ಯಾಂಡ್ ಕಂಡಿತು.

"ನಿನ್ನಿಂದ ಆಗುತ್ತಿಲ್ಲ. ಅವನಿಗೆ ತಿಳಿಸು," ಎಂದಿತು.

"ಇಷ್ಟು ವರ್ಷ ಹೊತ್ತವನು ನಾನು. ಈಗ ನರಳಿದರೆ ಗುಜರಿಗೆ ಹಾಕುತ್ತಾನೆ," ಎಂದಿತು ಜ್ಯಾಕ್, ಹಲ್ಲು ಕಚ್ಚಿ.

"ನರಳದಿದ್ದರೆ ಅವನೇ ಉಳಿಯುವುದಿಲ್ಲ."

ಲಾಜರಸನ ಎದೆಯೂ ಕಾರಿನಡಿಗೆ ಬಂತು. ಏನನ್ನೋ ಗುನುಗುತ್ತಿದ್ದ ಅವನ ಮುಖ ಜ್ಯಾಕಿನಿಂದ ಗೇಣು ದೂರದಲ್ಲಿತ್ತು. ಆ ಮುಖ ನೋಡಿದ ಜ್ಯಾಕ್, ತಡೆಹಿಡಿದಿದ್ದ ನರಳಾಟವನ್ನೆಲ್ಲ ಒಮ್ಮೆಗೇ ಹೊರಬಿಟ್ಟಿತು. ಸದ್ದಿಗೆ ಬೆಚ್ಚಿದ ಲಾಜರಸ್ ಸರ್ರನೆ ಹೊರಗೆ ಜಾರಿ, ಕಾಲಿನಿಂದ ಸ್ಟ್ಯಾಂಡನ್ನು ಒಳಗೆ ತಳ್ಳಿದ. ಮರುಕ್ಷಣವೇ ಕಾರು ಅದರ ಮೇಲೆ ಕುಸಿದು ನಿಂತಿತು.

"ಸದ್ಯ, ಕೂಗಿಕೊಂಡೆಯಲ್ಲ ಮಾರಾಯ," ಎಂದು ಲಾಜರಸ್ ಜ್ಯಾಕನ್ನು ಹತ್ತಿರಕ್ಕೆ ಎಳೆದುಕೊಂಡ. ಸ್ಪ್ರಿಂಗಿಗೆ ಕೈ ಹಾಕುವ ಮೊದಲು ಜ್ಯಾಕಿನ ಎಣ್ಣೆ ಸೋರದಂತೆ ತಡೆಯುವ ಸವೆದ ಸೀಲನ್ನು ಬದಲಿಸಲು ಕುಳಿತ.