ಸಹಿಯಿಲ್ಲದ ಕಾಗದ

ಶಿಷ್ಯನು ಕೇಳಿದನು: "ಗುರುಗಳೇ, ತಪ್ಪು ಮಾಡದವನಿಗೆ ಮರೆ ಏಕೆ ಬೇಕು? ಅವನ ಹೆಜ್ಜೆಗಳನ್ನು ಯಾರು ಎಣಿಸಿದರೂ ಅವನಿಗೇನು ನಷ್ಟ?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಕಡಲ ಬದಿಯ ಒಂದು ಊರಿನಲ್ಲಿ ಒಬ್ಬ ಧಣಿಗೆ ಗೇರುಬೀಜದ ಕಾರ್ಖಾನೆ ಇತ್ತು. ನೂರಾರು ಹೆಂಗಸರು ಅಲ್ಲಿ ಬೀಜ ಸುಲಿಯುತ್ತಿದ್ದರು. ಒಂದು ಬೆಳಿಗ್ಗೆ ಧಣಿಯ ಮೇಜಿನ ಮೇಲೆ ಒಂದು ಕಾಗದ ಬಿದ್ದಿತ್ತು. ಹೆಸರಿಲ್ಲ, ಸಹಿಯಿಲ್ಲ. ಬಣ್ಣದ ಪ್ರಿಂಟರಿನಲ್ಲಿ ಅಚ್ಚಾದ ಎರಡೇ ಸಾಲು: 'ಬೀಜ ಬೇಯಿಸುವ ಬಾಯ್ಲರಿನ ಕವಾಟವನ್ನು ತಂತಿಯಿಂದ ಬಿಗಿದಿದ್ದಾರೆ. ಹಬೆ ಹೆಚ್ಚಾದರೆ ಹೊರಬರಲು ದಾರಿಯಿಲ್ಲ.'

ಧಣಿ ಓದಿದನು. ಬಾಯ್ಲರ್ ನೋಡಲು ಎದ್ದನು. ಬಾಗಿಲ ತನಕ ಹೋದವನು ಅಲ್ಲೇ ನಿಂತನು. ಇದನ್ನು ಬರೆದವರು ಯಾರು? ನನ್ನೆದುರು ಬಂದು ಹೇಳದವರು ಹೊರಗೆ ಏನೇನು ಹೇಳುತ್ತಿರಬಹುದು? ಆ ಯೋಚನೆ ಅವನನ್ನು ಮತ್ತೆ ಕುರ್ಚಿಗೆ ತಂದು ಕೂರಿಸಿತು. ಅಂದು ಅವನಿಗೆ ಊಟ ಸೇರಲಿಲ್ಲ. ಎದುರು ಬಂದವರ ಮುಖವನ್ನೆಲ್ಲ ಹುಡುಕಿ ಹುಡುಕಿ ನೋಡಿದನು.

ಮರುದಿನ ಪ್ರಿಂಟರ್ ರಿಪೇರಿ ಮಾಡುವವನನ್ನು ಕರೆಸಿದನು. ಅವನು ಕಾಗದಕ್ಕೆ ನೀಲಿ ಬೆಳಕು ಹಾಯಿಸಿ ಭೂತಗನ್ನಡಿ ಹಿಡಿದನು. ಬಿಳಿಯೆಂದು ಕಂಡಲ್ಲೆಲ್ಲ ಕಣ್ಣಿಗೆ ನಿಲುಕದಷ್ಟು ಸಣ್ಣ ಹಳದಿ ಚುಕ್ಕಿಗಳಿದ್ದವು.

"ಬಣ್ಣದ ಪ್ರಿಂಟರ್ ಹೊರಗೆ ಹಾಕುವ ಪ್ರತಿ ಹಾಳೆಯಲ್ಲೂ ತನ್ನ ನಂಬರು, ದಿನ, ಗಂಟೆ ಎಲ್ಲ ಗುರುತು ಹಾಕುತ್ತದೆ ಧಣಿ. ಯಾರಿಗೂ ಹೇಳುವುದಿಲ್ಲ, ಅಷ್ಟೆ."

ಚುಕ್ಕಿಗಳು ಹೇಳಿದ್ದು ಇಷ್ಟು: ಸೋಮವಾರ, ಸಂಜೆ ನಾಲ್ಕೂ ಹತ್ತು, ಹಾಜರಿ ಕೋಣೆಯ ಪ್ರಿಂಟರ್. ಅಲ್ಲಿ ಹಾಜರಿ ಬರೆಯುವವಳು ವಾರಿಜ. ಹದಿನಾರು ವರ್ಷದಿಂದ ಅದೇ ಕೆಲಸದಲ್ಲಿದ್ದಳು.

"ನೀನೇ ಅಲ್ಲವೇ?" ಎಂದನು ಧಣಿ.

"ಆ ಯಂತ್ರದ ಹತ್ತಿರ ದಿನಕ್ಕೆ ಐವತ್ತು ಜನ ಬರುತ್ತಾರೆ ಧಣಿ. ಅದಿರಲಿ, ಬಾಯ್ಲರ್ ನೋಡಿದಿರಾ?"

"ಕೇಳಿದ್ದಕ್ಕೆ ಉತ್ತರ ಕೊಡು."

ಅವಳು ಕೊಡಲಿಲ್ಲ. ಸಂಜೆಯೊಳಗೆ ಅವಳ ಕೆಲಸ ಹೋಯಿತು.

ಚುಕ್ಕಿಗಳ ಸುದ್ದಿ ಕಾರ್ಖಾನೆಯಲ್ಲೆಲ್ಲ ಹರಡಿತು. ಮಗಳ ಜಾತಕವನ್ನು, ಗಂಡ ಹೊಡೆದನೆಂದು ಠಾಣೆಗೆ ಕೊಟ್ಟ ದೂರನ್ನು ಅದೇ ಯಂತ್ರದಲ್ಲಿ ಅಚ್ಚು ತೆಗೆದವರಿದ್ದರು. ಅವರು ಮನೆಯಲ್ಲಿದ್ದ ಹಾಳೆಗಳನ್ನು ಬಿಸಿಲಿಗೆ ಹಿಡಿದು ನೋಡಿದರು. ಏನೂ ಕಾಣಲಿಲ್ಲ. ಕಾಣದ್ದರಿಂದ ಹೆದರಿಕೆ ಇನ್ನೂ ಹೆಚ್ಚಿತು. ಕೈಯಲ್ಲಿ ಬರೆದರೆ ಅಕ್ಷರದ ಗುರುತು ಸಿಗುತ್ತದೆ, ಬಾಯಲ್ಲಿ ಹೇಳಿದರೆ ದನಿಯ ಗುರುತು. ಎಲ್ಲರೂ ತಲೆ ತಗ್ಗಿಸಿ ಬೀಜ ಸುಲಿದರು.

ಧಣಿಗೆ ಮತ್ತೆ ಕಾಗದ ಬರಲಿಲ್ಲ. ನೆಮ್ಮದಿಯೂ ಬರಲಿಲ್ಲ. ಅವನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ನಿಂತ ಮಾತು ಯಾವುದೆಂದು ತಿಳಿಯಲು ಇನ್ನೊಂದು ಯಂತ್ರ ತರಿಸಬೇಕೆಂದುಕೊಂಡನು. ಕವಾಟದ ತಂತಿ ಅವನಿಗೆ ಮರೆತೇ ಹೋಗಿತ್ತು.

ಕಾಗದ ಬಂದ ಇಪ್ಪತ್ತನೆಯ ದಿನ ಬಾಯ್ಲರ್ ಸಿಡಿಯಿತು. ಮೂವರು ಹೆಂಗಸರ ಮೈ ಬೆಂದಿತು. ಒಬ್ಬಳು ಉಳಿಯಲಿಲ್ಲ.

ಧಣಿ ಆಸ್ಪತ್ರೆಗೆ ಓಡಿದನು. ಜಗಲಿಯ ಬೆಂಚಿನ ಮೇಲೆ ವಾರಿಜ ಮೊದಲೇ ಬಂದು ಕುಳಿತಿದ್ದಳು. ಅವನು ಅವಳ ಮುಂದೆ ಬಂದು ನಿಂತನು. ಅವಳು ಸ್ವಲ್ಪ ಸರಿದು ಅವನಿಗೆ ಕೂರಲು ಜಾಗ ಬಿಟ್ಟಳು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ಆ ಕಾಗದ ಬರೆದದ್ದು ವಾರಿಜಳೇ ಹೌದೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಬರೆದವರ ಹೆಸರೇ ನಿನಗೂ ಬೇಕಾಯಿತು, ಸತ್ತವಳ ಹೆಸರನ್ನು ನೀನು ಕೇಳಲಿಲ್ಲ."